ಎಷ್ಟು ಓಡುತ್ತದೆ ಅನ್ನುವುದಕ್ಕಿಂತ ಹೇಗೆ ಇಳಿಯುತ್ತದೆ

ರಿಮೋಟ್ ವಿಮಾನ ಹಾರಿಸುವವನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟಾಯ್ತು? ಎಷ್ಟು ಸ್ಪೀಡ್ ಹೋಗುತ್ತೆ? ಮೊದಲನೆಯದಕ್ಕೆ ಮನೆಯಾಕೆಗೆ ಹೇಳಿದ ಮೊತ್ತವನ್ನೇ ಎಲ್ಲರಿಗೂ ಹೇಳಿಬಿಡುತ್ತೇನೆ. ಎರಡನೆಯದಕ್ಕೆ ಉತ್ತರ ಕೊಡಲು ಸ್ವಲ್ಪ ಹೊತ್ತು ಬೇಕು.

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಊರು ಗದಗದ ಕಡೆ, ಕೆಲಸ ಚಾಕಣದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ. ವಾರಕ್ಕೊಂದೇ ರಜೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಊರಾಚೆಯ ಗರಸು ಬಯಲಿನಲ್ಲಿ ಏಳೆಂಟು ಮಂದಿ ಸೇರುತ್ತೇವೆ. ಒಬ್ಬರು ನಿವೃತ್ತ ಮರಾಠಿ ಮೇಷ್ಟ್ರು, ಇಬ್ಬರು ತಮಿಳರು, ಒಬ್ಬ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ಕಲಿತವನು, ಉಳಿದವರು ಐಟಿ ಹುಡುಗರು. ಗಾಳಿ ಜೋರಾಗುವ ಮೊದಲು, ಒಂಬತ್ತರೊಳಗೆ ಹಾರಾಟ ಮುಗಿಯಬೇಕು. ಈ ಗುಂಪಿಗೆ ಕಳೆದ ವರ್ಷ ವಿಜಯಪುರದ ಹುಡುಗನೊಬ್ಬ ಬಂದು ಸೇರಿದ. ಆರು ತಿಂಗಳು ತರಬೇತಿ ವಿಮಾನದಲ್ಲಿ ಕೈ ಪಳಗಿಸಿಕೊಂಡ. ರೆಕ್ಕೆ ಮೇಲಿರುವ, ಸ್ಟಿಕ್ ಬಿಟ್ಟರೆ ತಾನೇ ನೆಟ್ಟಗಾಗುವ ಸಾಧು ವಿಮಾನ ಅದು. ಒಂದು ಭಾನುವಾರ ಫೋನ್ ಹಿಡಿದು ಬಂದ. ಪರದೆಯ ಮೇಲೆ ಬೂದು ಬಣ್ಣದ ಯುದ್ಧವಿಮಾನದ ಫೋಮ್ ಮಾದರಿ.

‘ಅಣ್ಣಾರ, ಇದು ಎರಡ್ನೂರರ ಮ್ಯಾಲೆ ಹೋಗ್ತೈತಂತ್ರಿ. ತೊಗೋಬೇಕಂತ ಮಾಡೇನಿ.’

‘ಹೋಗೂದು ಖರೆ ತಮ್ಮಾ, ಇಳಸೂದು ಹೆಂಗ?’

ಅದರ ಬೆಲೆ ಅವನ ರೂಮಿನ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು. ತಂಗಿಯ ಕಾಲೇಜು ಫೀ ಕಳಿಸಿ ಉಳಿದದ್ದರಲ್ಲಿ ಕೂಡಿಟ್ಟ ದುಡ್ಡು. ಮೊದಲ ಹಾರಾಟದಲ್ಲೇ ನೆಲಕ್ಕೆ ಬಡಿದರೆ ಹುಡುಗ ಹವ್ಯಾಸವನ್ನೇ ಬಿಟ್ಟುಬಿಡುತ್ತಾನೆ. ಹಾಗೆ ಬಿಟ್ಟು ಹೋದವರನ್ನು ನೋಡಿದ್ದೇನೆ. ಅದಕ್ಕೇ ಅವತ್ತು ಚಹಾದ ಗಾಡಿ ಹತ್ತಿರ ಒಂದು ಗಂಟೆ ಕೂರಿಸಿಕೊಂಡು ಮಾತಾಡಿದೆ.

ವೇಗದ ವಿಮಾನ ಆರಿಸುವಾಗ ನಾನು ಮೊದಲು ನೋಡುವುದು ಅದು ಎಷ್ಟು ನಿಧಾನವಾಗಿ ಹಾರಬಲ್ಲದು ಎಂಬುದನ್ನು. ರೆಕ್ಕೆಯ ವಿಸ್ತೀರ್ಣಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದಷ್ಟೂ ಅದನ್ನು ಗಾಳಿಯಲ್ಲಿ ನಿಲ್ಲಿಸಲು ಹೆಚ್ಚು ವೇಗ ಬೇಕು. ಇಳಿಯುವಾಗಲೂ ಅದೇ ವೇಗದಲ್ಲಿ ಬರುತ್ತದೆ. ಇದರ ಜೊತೆಗೆ ಊರಿನ ಎತ್ತರವೂ ಸೇರುತ್ತದೆ. ಚೆನ್ನೈ, ಮುಂಬೈನ ಗೆಳೆಯರು ಸಮುದ್ರಮಟ್ಟದ ದಪ್ಪ ಗಾಳಿಯಲ್ಲಿ ಹಾರಿಸುತ್ತಾರೆ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 900 ಮೀಟರ್ ದಾಟುತ್ತದೆ. ಎತ್ತರ ಏರಿದಂತೆ ಗಾಳಿ ತೆಳುವಾಗುತ್ತದೆ, ಬೇಸಿಗೆಯ ಬಿಸಿಲಿಗೆ ಇನ್ನೂ ತೆಳುವು. ಚೆನ್ನೈನಲ್ಲಿ ಮೃದುವಾಗಿ ಇಳಿಯುವ ಮಾದರಿ ಮೇ ತಿಂಗಳ ಪುಣೆಯಲ್ಲಿ ಕೊಂಚ ಅವಸರದಲ್ಲೇ ಇಳಿಯುತ್ತದೆ.

ಆ ಹುಡುಗ ತೋರಿಸಿದ್ದು ಇಡಿಎಫ್ ಜೆಟ್. ಹೊಟ್ಟೆಯೊಳಗಿನ ಕೊಳವೆಯಲ್ಲಿ ಪುಟ್ಟ ವಿದ್ಯುತ್ ಫ್ಯಾನ್ ಇರುತ್ತದೆ. ನೋಡಲು ಅಪ್ಪಟ ಜೆಟ್, ಸದ್ದೂ ಹಾಗೆಯೇ. ಯಲಹಂಕದ ಏರೋ ಇಂಡಿಯಾ ನೋಡಿ ಬಂದವರೆಲ್ಲ ಮೊದಲು ಬಯಸುವುದು ಇದನ್ನೇ, ಅದು ಸಹಜ. ಆದರೆ ಅಷ್ಟೇ ತಳ್ಳುವ ಬಲಕ್ಕೆ ಇದು ತೆರೆದ ಪ್ರೊಪೆಲ್ಲರ್‌ಗಿಂತ ಹೆಚ್ಚು ಕರೆಂಟ್ ಕುಡಿಯುತ್ತದೆ. ಹಾಗಾಗಿ ದೊಡ್ಡ ಬ್ಯಾಟರಿ ಬೇಕು, ಅದರಿಂದ ತೂಕ ಏರುತ್ತದೆ, ತೂಕದಿಂದ ಇಳಿಯುವ ವೇಗ ಏರುತ್ತದೆ. ಹಾರಾಟ ಮೂರು ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಇಳಿಸುವಾಗ ಲೆಕ್ಕ ತಪ್ಪಿತೆಂದು ಥ್ರಾಟಲ್ ಒತ್ತಿದರೆ ಫ್ಯಾನ್ ವೇಗ ಹಿಡಿಯಲು ಒಂದು ಕ್ಷಣ ತಡ ಮಾಡುತ್ತದೆ, ಆ ಒಂದು ಕ್ಷಣ ನಮ್ಮ ಹತ್ತಿರ ಇರುವುದಿಲ್ಲ. ಸಣ್ಣ ಚಕ್ರಗಳಿಗೆ ಡಾಂಬರು ರನ್‌ವೇ ಬೇಕು. ನಮಗಿರುವುದು ಗರಸು ನೆಲ, ಅದರಾಚೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಹೊಲ. ಗದಗ, ವಿಜಯಪುರದವರಿಗೆ ಎರೆ ಹೊಲದ ಬಿರುಕು ಹೇಗಿರುತ್ತದೆಂದು ವಿವರಿಸಬೇಕಿಲ್ಲ.

ಮೊದಲ ವೇಗದ ವಿಮಾನವಾಗಿ ನಾನು ಹೇಳುವುದು ಪ್ರೊಪೆಲ್ಲರ್ ಇರುವ, ಚಕ್ರವಿಲ್ಲದ, ಹೊಟ್ಟೆಯ ಮೇಲೆ ಜಾರಿ ಇಳಿಯುವ, ಹೆಚ್ಚೆಂದರೆ ಮೀಟರ್ ಅಗಲದ ಫೋಮ್ ಮಾದರಿ. ಇದರಲ್ಲಿ ಎರಡು ಬಗೆ. ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿಯ ಫನ್‌ಜೆಟ್ ತರಹದ, 795 ಮಿಲಿಮೀಟರ್ ಅಗಲದ, ಹಿಂದಿನಿಂದ ತಳ್ಳುವ ಪ್ರೊಪೆಲ್ಲರಿನ ತ್ರಿಕೋನ ರೆಕ್ಕೆಯದು ಒಂದು. ಇ-ಫ್ಲೈಟ್ ವಿ900 ತರಹದ, ಮುಂದೆ ಪ್ರೊಪೆಲ್ಲರ್ ಇರುವ, ತೆಳು ರೆಕ್ಕೆಯ ಪೈಲಾನ್ ರೇಸರ್ ಆಕಾರದ್ದು ಇನ್ನೊಂದು.

ಪೈಲಾನ್ ರೇಸಿಂಗ್ ಅಂದರೆ ಮೂರು ಕಂಬಗಳ ಸುತ್ತ ಓಡಿಸುವ ಪಂದ್ಯ. ಅಂತರರಾಷ್ಟ್ರೀಯ ಎಫ್3ಡಿ ವಿಭಾಗದಲ್ಲಿ 400 ಮೀಟರಿನ ಸುತ್ತು ಹತ್ತು ಸಲ, ಒಟ್ಟು 4 ಕಿಲೋಮೀಟರ್. ನುರಿತವರು ಒಂದು ನಿಮಿಷದೊಳಗೆ ಮುಗಿಸುತ್ತಾರೆ. ಸರಾಸರಿಯೇ ಗಂಟೆಗೆ 240 ಕಿಲೋಮೀಟರ್ ಮೀರಿತು. ನಾವು ಅಲ್ಲಿಗೆ ಹೋಗಬೇಕಿಲ್ಲ, ಆ ಆಕಾರ ಮಾತ್ರ ಎರವಲು ಪಡೆದರೆ ಸಾಕು.

ಎರಡರಲ್ಲಿ ನನ್ನ ಒಲವು ಪೈಲಾನ್ ಆಕಾರದ ಕಡೆ. ತ್ರಿಕೋನ ರೆಕ್ಕೆಯದು ಗಟ್ಟಿಮುಟ್ಟು, ನಿಜ. ಆದರೆ ದೂರ ಹೋದಾಗ ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಹಿಂದಿನ ಪ್ರೊಪೆಲ್ಲರ್ ಎಸೆಯುವವನ ಕೈ ಪಕ್ಕದಲ್ಲೇ ಸುಳಿದು ಹೋಗುತ್ತದೆ ಬೇರೆ. ಅಂಥದ್ದನ್ನು ಕೈಯಿಂದ ಬಿಟ್ಟ ಮೇಲಷ್ಟೇ ಮೋಟಾರ್ ಚಾಲೂ ಮಾಡಬೇಕು.

ಕಾಣುವ ವಿಷಯ ಬಂತು, ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 150 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 42 ಮೀಟರ್. ಮೂಗು ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ, ಮೂರು ಸೆಕೆಂಡಿನಲ್ಲಿ, 125 ಮೀಟರ್ ದಾಟಿರುತ್ತದೆ. ಮುನ್ನೂರು ಮೀಟರ್ ಆಚೆ ಮೀಟರ್ ಅಗಲದ ವಿಮಾನ ಬರೀ ಒಂದು ಗೆರೆ. ಆಕಾಶದ ಬಣ್ಣದ ಬೂದು ಯುದ್ಧವಿಮಾನ ಚಂದವೇ, ಆದರೆ ಅದು ಕಾಣಬಾರದೆಂದೇ ಹಚ್ಚಿದ ಬಣ್ಣ! ಮೇಲೆ ಕಿತ್ತಳೆ ಅಥವಾ ಹಳದಿ, ಕೆಳಗೆ ಕಪ್ಪು ಬಿಳಿ ಪಟ್ಟೆ ಇದ್ದರೆ ಯಾವ ಮಗ್ಗುಲು ಮೇಲಿದೆ ಎಂದು ಕಣ್ಣಿಗೆ ಥಟ್ಟನೆ ಗೊತ್ತಾಗುತ್ತದೆ. ಬಣ್ಣದ ಟೇಪಿನ ಖರ್ಚು ನೂರಿನ್ನೂರು ರೂಪಾಯಿ.

ಇನ್ನು ಪೆಟ್ಟಿಗೆಯ ಮೇಲೆ ಬರೆದ ವೇಗ. ಅದನ್ನು ನಂಬುವ ಮೊದಲು ಪ್ರೊಪೆಲ್ಲರಿನ ಮೇಲಿನ ಎರಡು ಅಂಕಿ ಓದಿ. 6×4 ಎಂದಿದ್ದರೆ ವ್ಯಾಸ 6 ಇಂಚು, ಪಿಚ್ 4 ಇಂಚು. ಅಂದರೆ ತಿರುಪು ಮೊಳೆಯ ಹಾಗೆ ಒಂದು ಸುತ್ತಿಗೆ ನಾಲ್ಕು ಇಂಚು ಮುಂದೆ ಹೋಗಬೇಕು. ಮೋಟಾರಿನ ಮೇಲಿನ 2200 ಕೆವಿ ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 2200 ಸುತ್ತು. ಮೂರು ಸೆಲ್ಲಿನ ಲಿಪೊ ಬ್ಯಾಟರಿಯ 11.1 ವೋಲ್ಟಿಗೆ ಸುಮಾರು 24,400 ಆಯಿತು. ಪ್ರೊಪೆಲ್ಲರಿನ ಭಾರಕ್ಕೆ ಇದು ಐದನೇ ಒಂದು ಭಾಗ ಇಳಿಯುತ್ತದೆಂದು ಹಿಡಿದರೆ ಉಳಿಯುವುದು 19,500. ಸುತ್ತನ್ನು ಪಿಚ್‌ನಿಂದ ಗುಣಿಸಿ 0.0015ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್ ಲೆಕ್ಕ ಸಿಗುತ್ತದೆ. 4 ಇಂಚಿನ ಪಿಚ್‌ಗೆ ಸುಮಾರು 120, 6 ಇಂಚಿಗೆ ಸುಮಾರು 180. ನೆಟ್ಟಗೆ ಹಾರುವಾಗ ಸಾಮಾನ್ಯವಾಗಿ ವಿಮಾನ ಈ ಮಿತಿಯನ್ನು ಮೀರುವುದಿಲ್ಲ, ಮೇಲಿನಿಂದ ಧುಮುಕಿಸಿದಾಗಿನ ಮಾತು ಬೇರೆ. ಪೆಟ್ಟಿಗೆ ಇದಕ್ಕಿಂತ ಹೆಚ್ಚು ಹೇಳುತ್ತಿದ್ದರೆ ಅದು ಅಂಗಡಿಯವರ ಉತ್ಸಾಹ.

ಹಾಗೆಂದು ಪಿಚ್ ಏರಿಸಿದರೆ ವೇಗ ಪುಕ್ಕಟೆ ಬರುವುದಿಲ್ಲ. ವೇಗ ಎರಡು ಪಟ್ಟಾಗಲು ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಮೋಟಾರ್ ಎಳೆಯುವ ಕರೆಂಟ್ ಏರುತ್ತದೆ, ಸ್ಪೀಡ್ ಕಂಟ್ರೋಲರ್ ಬಿಸಿಯಾಗುತ್ತದೆ. ವ್ಯಾಟ್ ಮೀಟರ್ ಒಂದು ಇರಲಿ, ಹೊಸ ಪ್ರೊಪೆಲ್ಲರ್ ಹಾಕಿದಾಗಲೆಲ್ಲ ನೆಲದ ಮೇಲೇ ಅಳೆದು ನೋಡಿ. ಸ್ಪೀಡ್ ಕಂಟ್ರೋಲರ್‌ಗೆ ಕಾಲು ಭಾಗವಾದರೂ ಮಿಗುತಾಯ ಇರಬೇಕು.

ಮಾದರಿ ಕೈಗೆ ಬಂದ ಮೇಲೆ ರೆಕ್ಕೆಯ ಏಲರಾನ್ ಹಿಡಿದು ಅಲ್ಲಾಡಿಸಿ. ಸಡಿಲವಿದ್ದರೆ ಹಾರಿಸಬೇಡಿ. ನಿಧಾನದ ವಿಮಾನದಲ್ಲಿ ಗಮನಕ್ಕೇ ಬಾರದ ಆ ಸಡಿಲ, ವೇಗದಲ್ಲಿ ಏಲರಾನನ್ನು ಪಟಪಟ ನಡುಗಿಸಿ ಕಿತ್ತೇ ಹಾಕಬಲ್ಲದು. ಆಕಾಶದಲ್ಲಿ ದುಂಬಿ ಗುಂಯ್‌ಗುಟ್ಟಿದಂಥ ಸದ್ದು ಬಂದರೆ ತಕ್ಷಣ ಥ್ರಾಟಲ್ ಇಳಿಸಬೇಕು. ಮೊದಲ ಹಾರಾಟಕ್ಕೆ ತೂಕದ ಕೇಂದ್ರ ಸ್ವಲ್ಪ ಮುಂದೆಯೇ ಇರಲಿ. ಟ್ರಾನ್ಸ್‌ಮಿಟರಿನಲ್ಲಿ ಕಡಿಮೆ ಚಲನೆಯ ರೇಟ್ ಒಂದನ್ನು ಹೊಂದಿಸಿಕೊಳ್ಳಿ. ಸ್ಥಿರತೆಗಾಗಿ ಜೈರೊ ಇರುವ ರಿಸೀವರ್ ಒಳ್ಳೆಯದೇ, ಆದರೆ ಅದರ ಗೇನ್ ಜಾಸ್ತಿಯಾದರೆ ಪೂರ್ಣ ವೇಗದಲ್ಲಿ ವಿಮಾನ ಥರಥರ ನಡುಗುತ್ತದೆ. ಸಿಗ್ನಲ್ ತಪ್ಪಿದರೆ ಮೋಟಾರ್ ನಿಲ್ಲುವಂತೆ ಫೇಲ್‌ಸೇಫ್ ಇಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ ಒಮ್ಮೆ ಪರೀಕ್ಷಿಸಿ. ಈ ಪರೀಕ್ಷೆಗೆ ಮೊದಲು ಪ್ರೊಪೆಲ್ಲರ್ ಕಳಚಿಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಕಿಲೋ ತೂಕದ ವಿಮಾನ 150 ಕಿಲೋಮೀಟರ್ ವೇಗದಲ್ಲಿದ್ದರೆ, ಅದೇ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನ ಆರು ಪಟ್ಟು ಶಕ್ತಿ ಅದರಲ್ಲಿರುತ್ತದೆ. ನಮ್ಮ ಬಯಲಿಗೆ ಆಡು ಮೇಯಿಸುವ ಒಬ್ಬ ಕಾಕಾ ಬರುತ್ತಾರೆ. ಅವರ ಹಿಂಡು ಬಯಲು ದಾಟುವವರೆಗೆ ವೇಗದ ವಿಮಾನ ಯಾರೂ ಎತ್ತುವುದಿಲ್ಲ. ಹಾರಿಸುವವನ ಪಕ್ಕ ಇನ್ನೊಬ್ಬ ನಿಂತು ಸುತ್ತಲೂ ನೋಡುತ್ತಿರಬೇಕು. ಅಂಥ ಜೊತೆಗಾರ ಇಲ್ಲದಿದ್ದರೆ, ಅಷ್ಟು ದೊಡ್ಡ ಖಾಲಿ ಜಾಗ ಇಲ್ಲದಿದ್ದರೆ ವೇಗದ ವಿಮಾನ ಕೊಳ್ಳಲೇಬೇಡಿ. ಬಡಾವಣೆಯ ಮೈದಾನ ಇದಕ್ಕಲ್ಲ.

ಕಾನೂನನ್ನೂ ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳಲ್ಲಿ, 25 ಕಿಲೋ ಮೀರದ, ಕಣ್ಣಳತೆಯಲ್ಲೇ ಮನರಂಜನೆಗೋ ಕಲಿಕೆಗೋ ಹಾರಿಸುವ ಮಾದರಿ ವಿಮಾನಗಳನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ. ಹಸಿರು ವಲಯದಲ್ಲಿ ಮಿತಿ 400 ಅಡಿ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ. ಇನ್ನೂ ಹತ್ತಿರವಾದರೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಪುಣೆಯಲ್ಲಿ ಲೋಹಗಾಂವ್, ಹೈದರಾಬಾದಿನಲ್ಲಿ ಬೇಗಂಪೇಟೆ, ಹಕೀಂಪೇಟೆ, ದುಂಡಿಗಲ್ ಹೀಗೆ ನಮ್ಮ ನಗರಗಳ ಸುತ್ತ ವಾಯುನೆಲೆಗಳು ಬಹಳ. ಡಿಜಿಟಲ್ ಸ್ಕೈ ನಕ್ಷೆ ನೋಡದೆ ಜಾಗ ಗೊತ್ತು ಮಾಡಬೇಡಿ. 2022ರ ಫೆಬ್ರುವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಲಾಯಿತು, ಬಿಡಿಭಾಗಗಳಿಗೆ ವಿನಾಯಿತಿ ಇತ್ತು. ಪೂರ್ತಿ ಸಿದ್ಧವಾದ ಮಾದರಿಯನ್ನು ಹೊರದೇಶದಿಂದ ತರಿಸುವ ಮೊದಲು ಇದನ್ನು ನೆನಪಿಡಿ. ಅದಕ್ಕಿಂತ, ಮುರಿದ ರೆಕ್ಕೆಗೆ ಇನ್ನೊಂದು ರೆಕ್ಕೆ ಇಲ್ಲೇ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ವಿಜಯಪುರದ ಹುಡುಗ ಕೊನೆಗೆ ತೆಗೆದುಕೊಂಡದ್ದು ನಮ್ಮ ಗುಂಪಿನ ತಮಿಳು ಗೆಳೆಯನ ಹಳೆಯ ಪೈಲಾನ್ ಮಾದರಿ. ಜೆಟ್‌ಗಿಟ್ಟ ದುಡ್ಡಿನಲ್ಲಿ ಮೂರನೇ ಒಂದು ಭಾಗ ಖರ್ಚಾಯಿತು. ಮೂರು ಸೆಲ್, 6×4 ಪ್ರೊಪೆಲ್ಲರ್. ಇಪ್ಪತ್ತು ಸಲ ಸರಿಯಾಗಿ ಇಳಿಸಿದ ಮೇಲಷ್ಟೇ ಪಿಚ್ ಏರಿಸುವುದು ಎಂದು ಒಪ್ಪಂದ. ಹದಿನಾಲ್ಕಾಗಿದೆ. ಪ್ರತಿ ಸಲ ಇಳಿಸಿದ ಮೇಲೆ ಟ್ರಾನ್ಸ್‌ಮಿಟರಿನ ಹಿಂಬದಿ ಪೆನ್ನಿನಿಂದ ಒಂದು ಗೀಟು ಎಳೆಯುತ್ತಾನೆ. ಮರಾಠಿ ಮೇಷ್ಟ್ರು ಅದನ್ನು ಎಣಿಸಿ ನೋಡುತ್ತಾರೆ, ಒಂದೂ ಜಾಸ್ತಿ ಇರಬಾರದೆಂದು.

ದಸರೆಗೆ ಊರಿಗೆ ಹೊರಟವರಿಗೆ ಒಂದು ಮಾತು. ಲಿಪೊ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಅಂದರೆ ಸೆಲ್ಲಿಗೆ 4.2 ವೋಲ್ಟಿನಲ್ಲಿ ಬಿಟ್ಟು ಹೋದರೆ ಹತ್ತು ದಿನದಲ್ಲಿ ಅದು ಉಬ್ಬಿಕೊಂಡಿರಬಹುದು. ಚಾರ್ಜರಿನ ಸ್ಟೋರೇಜ್ ಮೋಡಿನಲ್ಲಿ 3.8ಕ್ಕೆ ಇಳಿಸಿ, ಹಾಸಿಗೆ ಪರದೆಗಳಿಂದ ದೂರ, ಲೋಹದ ಡಬ್ಬಿಯಲ್ಲಿಟ್ಟು ಬೀಗ ಹಾಕಿ. ವಿಮಾನದಲ್ಲಿ ಒಯ್ಯುವುದಾದರೆ ಚೆಕ್-ಇನ್ ಚೀಲಕ್ಕೆ ಹಾಕಬೇಡಿ, ತುದಿಗಳಿಗೆ ಟೇಪ್ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ.