ಪಿತ್ತಕೋಶದ ಕ್ಯಾನ್ಸರ್: ಕಾರಣಗಳ ಶೋಧ

ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಆರೋಗ್ಯ ಸಂಬಂಧವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದ್ದಾರೆ. ಈ ಶಾಲೆಯಲ್ಲಿಯೇ ಅಕ್ಷರ ಕಲಿತು ಮುಂದೆ ಶಸ್ತ್ರವೈದ್ಯನಾದ ನಾನು, ಸೊಲ್ಲಾಪುರ-ಅಕ್ಕಲಕೋಟೆ ಭಾಗದ ನಮ್ಮವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ: “ಪಿತ್ತಕೋಶದಾಗ ಹರಳು ಅದಾವ ಅಂದಾರ್ರಿ. ಮುಂದ ಕ್ಯಾನ್ಸರ್ ಆಗ್ತದೇನ್ರಿ?”

ಯಕೃತ್ತಿನ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲವೇ ಪಿತ್ತಕೋಶ. ಯಕೃತ್ತು ಸ್ರವಿಸುವ ಪಿತ್ತರಸವನ್ನು ಅದು ಕೂಡಿಟ್ಟುಕೊಂಡು, ಜಿಡ್ಡಿನ ಆಹಾರ ಬಂದಾಗ ಕರುಳಿಗೆ ಬಿಡುತ್ತದೆ. ಇಲ್ಲಿ ಹುಟ್ಟುವ ಕ್ಯಾನ್ಸರು ಬಹುಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಕಾಮಣಿ ಕಾಣಿಸಿಕೊಂಡು, ಮೈತೂಕ ಇಳಿದು, ರೋಗಿಯು ವೈದ್ಯರ ಬಳಿ ಬರುವ ಹೊತ್ತಿಗೆ ಅದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಹಂತವನ್ನು ದಾಟಿರುತ್ತದೆ. ಆದುದರಿಂದಲೇ ಅದರ ಕಾರಣಗಳ ಶೋಧಕ್ಕೆ ವಿಶೇಷ ಮಹತ್ವ ಬಂದಿದೆ.

ಶೋಧದ ಮೊದಲ ಸುಳಿವು ದೊರೆತದ್ದು ಭೂಪಟದಿಂದ. ಕ್ಯಾನ್ಸರ್ ನೋಂದಣಿ ಕೇಂದ್ರಗಳು ಊರೂರಿನ ಲೆಕ್ಕವನ್ನು ಇಡುತ್ತವೆ. ನಮ್ಮ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಆರಂಭವಾದ ಗ್ರಾಮೀಣ ನೋಂದಣಿಯೂ ಇಂತಹದೇ. ಈ ರೋಗವು ದಕ್ಷಿಣ ಅಮೇರಿಕದ ಚಿಲಿ, ಬೊಲಿವಿಯಾ ದೇಶಗಳಲ್ಲಿಯೂ, ನಮ್ಮಲ್ಲಿ ದಿಲ್ಲಿಯಿಂದ ಬಿಹಾರ, ಅಸ್ಸಾಂವರೆಗಿನ ಪ್ರದೇಶದಲ್ಲಿಯೂ ಹೆಚ್ಚು. ದಕ್ಷಿಣ ಭಾರತದಲ್ಲಿ ಬಹಳ ಕಡಿಮೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಅಧಿಕ. ಒಂದೇ ದೇಶದೊಳಗೆ ಇಷ್ಟು ಅಂತರವಿರುವುದಾದರೆ ಅಲ್ಲಿನ ನೀರು, ಆಹಾರ, ಸೋಂಕು ಅಥವಾ ವಂಶಗುಣದಲ್ಲಿ ಏನೋ ಇರಲೇಬೇಕೆಂದು ಸಂಶೋಧಕರು ತರ್ಕಿಸಿದರು.

ಮೊದಲ ಸಂಶಯ ಹೋದದ್ದು ಹರಳುಗಳ ಮೇಲೆ. ಈ ಕ್ಯಾನ್ಸರ್ ಆದವರಲ್ಲಿ ಬಹುಪಾಲು ಜನರಿಗೆ ಹರಳುಗಳಿರುತ್ತವೆ. ಆದರೆ ಲೆಕ್ಕವನ್ನು ತಿರುಗಿಸಿ ನೋಡಿದರೆ ಚಿತ್ರವೇ ಬೇರೆ: ಹರಳುಗಳಿರುವ ನೂರು ಜನರಲ್ಲಿ ತೊಂಬತ್ತೇಳಕ್ಕೂ ಹೆಚ್ಚು ಜನರಿಗೆ ಈ ಕ್ಯಾನ್ಸರ್ ಎಂದಿಗೂ ಬರುವುದಿಲ್ಲ. ಹರಳು ವರ್ಷಾನುಗಟ್ಟಲೆ ಒಳಗೋಡೆಯನ್ನು ಉಜ್ಜುತ್ತಿದ್ದರೆ ಅಲ್ಲಿ ಉರಿಯೂತ ನೆಲೆನಿಂತು, ಜೀವಕೋಶಗಳು ದಾರಿ ತಪ್ಪುವ ಸಂಭವ ಹೆಚ್ಚುತ್ತದೆಂಬುದು ನಿಜ. ಆದರೂ ಹರಳು ಅಪಾಯವನ್ನು ಹೆಚ್ಚಿಸುವ ಅಂಶವೇ ಹೊರತು ಕ್ಯಾನ್ಸರಿನ ಮುಂಗಡ ಪತ್ರವಲ್ಲ.

ಎರಡನೆಯ ಸುಳಿವು ವಿಷಮಶೀತ ಜ್ವರ, ಎಂದರೆ ಟೈಫಾಯ್ಡ್. ಜ್ವರ ಇಳಿದ ಮೇಲೂ ಕೆಲವರ ಪಿತ್ತಕೋಶದಲ್ಲಿ ರೋಗಾಣುಗಳು ಹರಳುಗಳ ಮೈಮೇಲೆ ಪೊರೆ ಕಟ್ಟಿಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಇಂಥವರನ್ನು ರೋಗಾಣುವಾಹಕರೆನ್ನುತ್ತಾರೆ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿದ್ದ 471 ವಾಹಕರನ್ನು ಕುರಿತ ಅಧ್ಯಯನವೊಂದು 1979ರಲ್ಲಿ ಪ್ರಕಟವಾಯಿತು. ಯಕೃತ್ತು ಮತ್ತು ಪಿತ್ತಮಾರ್ಗದ ಕ್ಯಾನ್ಸರಿನಿಂದ ಸಾಯುವ ಸಂಭವ ಅವರಲ್ಲಿ ಇತರರಿಗಿಂತ ಆರು ಪಟ್ಟು ಹೆಚ್ಚೆಂದು ಅದು ತೋರಿಸಿತು. ಹಾಗಾದರೆ ದೋಷ ಜ್ವರದ್ದೋ, ಒಳಗೆ ಉಳಿದ ರೋಗಾಣುವಿನದೋ? ಸ್ಕಾಟ್‌ಲೆಂಡಿನ ಆಬರ್ಡೀನ್ ನಗರದಲ್ಲಿ 1964ರಲ್ಲಿ ಟೈಫಾಯ್ಡ್ ಹಬ್ಬಿತ್ತು. ಆಗ ಜ್ವರ ಬಂದಿದ್ದ 386 ಜನರನ್ನೂ, ವಾಹಕರಾಗಿಯೇ ಉಳಿದಿದ್ದ 83 ಜನರನ್ನೂ ಹೋಲಿಸಿದ ಅಧ್ಯಯನ 1994ರಲ್ಲಿ ಹೊರಬಂತು. ಪಿತ್ತಕೋಶದ ಕ್ಯಾನ್ಸರ್ ಹೆಚ್ಚಿದ್ದುದು ವಾಹಕರಲ್ಲಿ ಮಾತ್ರ. ಒಮ್ಮೆ ಟೈಫಾಯ್ಡ್ ಬಂದು ಪೂರ್ಣ ಗುಣವಾದವರು ಅಂಜಬೇಕಾಗಿಲ್ಲವೆಂಬ ಸಮಾಧಾನ ಇದರಿಂದ ದೊರೆಯಿತು.

ಸಾಸಿವೆ ಎಣ್ಣೆಯ ಕಥೆ ಇಷ್ಟು ಸರಳವಲ್ಲ. ರೋಗ ಹೆಚ್ಚಿರುವ ಉತ್ತರದ ಪ್ರದೇಶಗಳಲ್ಲಿ ಅಡುಗೆಗೆ ಬಳಸುವುದು ಅದನ್ನೇ; ನಮ್ಮ ಕಡೆಯ ಶೇಂಗಾ, ಕುಸುಬಿ ಎಣ್ಣೆಗಳನ್ನಲ್ಲ. ಅದನ್ನು ಅತಿಯಾಗಿ ಬಳಸುವವರಲ್ಲಿ ಅಪಾಯ ಹೆಚ್ಚೆಂದು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು ಕಂಡಿದ್ದಾರೆ. ಆದರೆ ಆ ಎಣ್ಣೆ ತಿನ್ನುವವರೇ ಗಂಗಾ ಬಯಲಿನ ನೀರನ್ನೂ ಕುಡಿಯುತ್ತಾರೆ. ಅಲ್ಲಿ ಹಲವೆಡೆ ನೆಲದೊಳಗಿನ ನೀರಿನಲ್ಲಿ ಆರ್ಸೆನಿಕ್ ವಿಷಾಂಶವಿದೆ. ಜೊತೆಯಾಗಿ ನಡೆಯುವ ಇಬ್ಬರಲ್ಲಿ ತಪ್ಪಿತಸ್ಥನಾರೆಂದು ಬೇರ್ಪಡಿಸುವುದೇ ಸಂಶೋಧನೆಯ ಕಠಿಣ ಭಾಗ. ಅದೇ ಕೇಂದ್ರದವರು ಸಾವಿರಕ್ಕೂ ಹೆಚ್ಚು ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2017ರಲ್ಲಿ ಇನ್ನೊಂದು ಕೊಂಡಿಯನ್ನು ತೋರಿಸಿದರು: ಯಕೃತ್ತಿನಿಂದ ಪಿತ್ತರಸಕ್ಕೆ ಕೊಬ್ಬಿನಂಶವನ್ನು ಸಾಗಿಸುವ ವಂಶವಾಹಿಯೂ ಅದರ ನೆರೆಯದೂ ಇದರಲ್ಲಿ ಪಾಲು ಹೊಂದಿವೆ.

ಚಿಲಿ ದೇಶವು 2006ರಿಂದ 35ರಿಂದ 49 ವರ್ಷದೊಳಗಿನ ಹರಳಿನ ರೋಗಿಗಳಿಗೆ ಪಿತ್ತಕೋಶವನ್ನು ಮುಂಜಾಗ್ರತೆಯಾಗಿ ತೆಗೆಸುವ ಶಸ್ತ್ರಚಿಕಿತ್ಸೆಯ ಹಕ್ಕನ್ನು ನೀಡಿದೆ. ಆ ನೀತಿ ಅಲ್ಲಿಗೆ ಸಲ್ಲುತ್ತದೆ, ಏಕೆಂದರೆ ಅಲ್ಲಿ ರೋಗವೇ ಹೆಚ್ಚು. ಅಪಾಯ ಕಡಿಮೆಯಿರುವ ನಮ್ಮ ಭಾಗದಲ್ಲಿ, ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರುವ ಸಣ್ಣ ಹರಳಿಗಾಗಿ ಕ್ಯಾನ್ಸರಿನ ಭಯದಿಂದ ಸಾಲ ಮಾಡಿ ಶಸ್ತ್ರಚಿಕಿತ್ಸೆಗೆ ಧಾವಿಸಬೇಕಾಗಿಲ್ಲ. ಆದರೆ ಮೇಲಿಂದ ಮೇಲೆ ನೋವು ಬರುತ್ತಿದ್ದರೆ, ಹರಳು ಮೂರು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಪಿತ್ತಕೋಶದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಅಥವಾ ಒಂದು ಸೆಂಟಿಮೀಟರನ್ನು ಮೀರಿದ ಗಂಟು ಕಂಡಿದ್ದರೆ ಶಸ್ತ್ರವೈದ್ಯರ ಸಲಹೆಯನ್ನು ಮುಂದೂಡಬಾರದು.

ಇನ್ನೊಂದು ವಿನಂತಿಯಿದೆ. ಯಾವ ಕಾರಣಕ್ಕೇ ಪಿತ್ತಕೋಶವನ್ನು ತೆಗೆದಿರಲಿ, ಅದನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹಿಸಿದರೇ ಎಂದು ಕೇಳಿ, ವರದಿಯನ್ನು ಪಡೆದು ವೈದ್ಯರಿಗೆ ತೋರಿಸಿ. ಹರಳಿಗೆಂದು ತೆಗೆದ ಪಿತ್ತಕೋಶದಲ್ಲಿ ಆರಂಭದ ಕ್ಯಾನ್ಸರ್ ಒಮ್ಮೊಮ್ಮೆ ಪತ್ತೆಯಾಗುತ್ತದೆ. ಈ ರೋಗದಿಂದ ಪೂರ್ಣ ಗುಣ ಹೊಂದುವ ಅವಕಾಶ ಅತ್ಯಧಿಕವಾಗಿರುವುದು ಆ ಹಂತದಲ್ಲಿಯೇ. ಕುದಿಸಿ ಆರಿಸಿದ ನೀರು, ಹಿತಮಿತವಾದ ಮೈತೂಕ, ಕಣ್ಣು ಹಳದಿಯಾದರೆ ಗಿಡಮೂಲಿಕೆಗಳಲ್ಲಿ ತಿಂಗಳು ಕಳೆಯದೆ ಕೂಡಲೇ ತಪಾಸಣೆ: ಇವು ಮನೆಯವರ ಕೈಯಲ್ಲಿಯೇ ಇರುವ ರಕ್ಷಣೆಗಳು. ಈ ನಾಲ್ಕು ಮಾತುಗಳನ್ನು ನಮ್ಮ ತಾಯಂದಿರಿಗೂ ಅಕ್ಕತಂಗಿಯರಿಗೂ ಓದಿ ಹೇಳಬೇಕೆಂದು ಎಲ್ಲ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ಕೇಳಿಕೊಳ್ಳುತ್ತೇನೆ.