ಒಂದೇ ತಂಡದಲ್ಲಿ ಆಡಿದರೆ

ಹರಿಹರದ ಹರಿಹರೇಶ್ವರನ ಗುಡಿಯಲ್ಲಿ ನಿಂತ ದೇವರ ಬಲಭಾಗ ಶಿವ, ಎಡಭಾಗ ವಿಷ್ಣು. ಮೈ ಮಾತ್ರ ಒಂದೇ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಿದು. ಯಾರ ದೇವರು ದೊಡ್ಡವನು ಎಂದು ಶೈವರು, ವೈಷ್ಣವರು ವಾದಿಸುತ್ತಿದ್ದ ನಾಡಿನಲ್ಲಿ ಇದು ಜಾಣ ಉತ್ತರವೇ ಸರಿ. ಗುಹಾಸುರನನ್ನು ಕೊಲ್ಲಲು ಹರಿಯೂ ಹರನೂ ಒಂದಾದರು ಎನ್ನುತ್ತದೆ ಸ್ಥಳಪುರಾಣ. ಯಾರೋ ಬುದ್ಧಿ ಹೇಳಿದರೆಂದು ಕೂಡಿದವರಲ್ಲ. ಇಬ್ಬರಿಗೂ ಸೇರಿದ ಕೆಲಸವೊಂದು ಎದುರಿಗಿತ್ತು.

ಅದೇ ಊರಿನ ಆರೋಗ್ಯ ಮಾತೆಯ ಚರ್ಚಿಗೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುತ್ತಾರೆ. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನಲ್ಲಿ ಗುರುತಿಲ್ಲದವರು ಒಂದೇ ಟೇಬಲ್ಲಿಗೆ ಕೂರುತ್ತಾರೆ. ನೋಡಲು ಚೆಂದ. ಆದರೆ ಪಕ್ಕದಲ್ಲಿ ಕೂತ ಮಾತ್ರಕ್ಕೆ ಇನ್ನೊಬ್ಬರ ಕಷ್ಟಸುಖ ತಿಳಿದೀತೇ? ದೋಸೆ ಮುಗಿದರೆ ಕೈ ತೊಳೆದುಕೊಂಡು ಅವರವರ ದಾರಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ಬರೆದಿದ್ದರು. ಬೆರೆತರಷ್ಟೇ ಸಾಲದು, ಬೆರೆಯುವವರು ಸರಿಸಮಾನರಾಗಿರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಹಿರಿಯರ ಅಥವಾ ಕಾನೂನಿನ ಬೆಂಬಲವೂ ಇರಬೇಕು. ಮನೆಕೆಲಸಕ್ಕೆ ವರ್ಷಗಟ್ಟಲೆ ಬರುವ ಹೆಂಗಸಿನ ಮನೆ ಎಲ್ಲಿದೆ ಎಂದು ಒಮ್ಮೆಯೂ ಕೇಳದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ದಿನವೂ ಮುಖ ನೋಡುತ್ತಾರೆ, ಸಮಾನತೆ ಮಾತ್ರ ಇಲ್ಲ.

ಅರ್ಥಶಾಸ್ತ್ರಜ್ಞ ಮ್ಯಾಟ್ ಲೋವ್ ಆಲ್‌ಪೋರ್ಟರ ಈ ಮಾತನ್ನೇ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಆಡಿಸಿ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 1,261 ಯುವಕರಿದ್ದರು. ಕೆಲವರು ಒಂದೇ ಜಾತಿಯ ತಂಡಕ್ಕೆ, ಕೆಲವರು ಬೆರಕೆ ತಂಡಕ್ಕೆ. ಆಯ್ಕೆಯೆಲ್ಲ ಚೀಟಿ ಎತ್ತಿದ ಹಾಗೆ. ಉಳಿದವರು ಆಡಲೇ ಇಲ್ಲ. ಬೇರೆ ಜಾತಿಯವರೊಂದಿಗೆ ಒಂದೇ ತಂಡದಲ್ಲಿ ಆಡಿದವರಿಗೆ ಆ ಜಾತಿಗಳಲ್ಲಿ ಗೆಳೆಯರು ಹೆಚ್ಚಿದರು. ಅವರನ್ನೇ ಎದುರಾಳಿಗಳಾಗಿ ಕಂಡವರಲ್ಲಿ ಒಡನಾಟ ಕುಗ್ಗಿತು. ಮೈದಾನ ಅದೇ, ಚೆಂಡೂ ಅದೇ.

ಕ್ರಿಕೆಟ್ಟಿನ ಮಾತು ದಾವಣಗೆರೆಗೆ ಬೇಗ ಅರ್ಥವಾಗುತ್ತದೆ. ಕರ್ನಾಟಕಕ್ಕೆ 2013-14, 2014-15ರಲ್ಲಿ ಸತತ ಎರಡು ರಣಜಿ ಟ್ರೋಫಿ ತಂದ ನಾಯಕ, 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಈ ಊರಿನವರೇ. ಅವರ ತಂಡದಲ್ಲಿ ಕೊಡಗಿನ ರಾಬಿನ್ ಉತ್ತಪ್ಪ, ಮಂಗಳೂರಿನ ಕೆ.ಎಲ್. ರಾಹುಲ್ ಇದ್ದರು.

ನಮ್ಮ ಊರುಗಳ ಟೆನಿಸ್ ಬಾಲ್ ಪಂದ್ಯಾವಳಿಗಳಲ್ಲಿ ಕೇರಿಗೊಂದು, ಬಡಾವಣೆಗೊಂದು ತಂಡ ಕಟ್ಟುವುದೇ ರೂಢಿ. ಲೋವ್ ಕಂಡದ್ದನ್ನು ನಂಬಿದರೆ ಇದು ಉಲ್ಟಾ ಲೆಕ್ಕ. ಶಾಲೆಯ ಪಿ.ಟಿ. ಮೇಷ್ಟ್ರು ಹುಡುಗರ ಹೆಸರನ್ನು ಚೀಟಿಯಲ್ಲಿ ಬರೆದು ಎತ್ತಿಸಿ ತಂಡ ಮಾಡಿದರೆ ತಗಲುವ ಖರ್ಚು ಒಂದು ಹಾಳೆ ಕಾಗದ.