ಬ್ಯಾಟರಿ ಅಂಗಳಕ್ಕೂ ತೂಬು ಬೇಕು

ಮಕ್ಕಳೇ, ಕೊಯಮತ್ತೂರು, ತಿರುಪ್ಪೂರು ಅಂದ ಕೂಡಲೇ ನಮಗೆ ನೂಲಿನ ಗಿರಣಿ, ಬನಿಯನ್ ನೆನಪಾಗುತ್ತವೆ. ತಲೆಮಾರುಗಳಿಂದ ಅಲ್ಲೇ ನೆಲೆಸಿರುವ ಕನ್ನಡ ಮಾತಿನ ಕುಟುಂಬಗಳೂ ಬಹಳ ಇವೆ. ಆ ಸೀಮೆಗೆ ಇನ್ನೊಂದು ಸಂಪತ್ತಿದೆ, ಗಾಳಿ. ಪಾಲಕ್ಕಾಡಿನ ಹತ್ತಿರ ಪಶ್ಚಿಮ ಘಟ್ಟದ ಸಾಲಿನಲ್ಲಿ ದೊಡ್ಡ ಕಂಡಿ ಇದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಅದರೊಳಗೆ ನುಗ್ಗಿ ಉಡುಮಲೈಪೇಟೆ, ಪಲ್ಲಡಂ ಕಡೆಯ ಗಾಳಿಯಂತ್ರಗಳನ್ನು ತಿರುಗಿಸುತ್ತದೆ.

ಆದರೆ ಗಾಳಿ ನಮ್ಮ ಅಗತ್ಯ ನೋಡಿಕೊಂಡು ಬೀಸುವುದಿಲ್ಲ, ಅಲ್ವಾ? ಹೆಚ್ಚಾದ ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಕೊಡಲು ದೊಡ್ಡ ಕಂಟೇನರುಗಳಲ್ಲಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಜೋಡಿಸಿಡುತ್ತಾರೆ. ಇಂಥ ಸ್ಥಾವರವನ್ನು ಈ ಸೀಮೆಯಲ್ಲಿ ಕಟ್ಟುವುದಾದರೆ ಮೊದಲು ಕೇಳಬೇಕಾದ ಪ್ರಶ್ನೆ ಬ್ಯಾಟರಿಯದಲ್ಲ, ನೀರಿನದು.

ಒಣಗಿದ ಹಳ್ಳವೂ ಹಳ್ಳವೇ

ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ನದಿ ಈ ಎರಡೂ ಊರುಗಳನ್ನು ಹಾದು ಕಾವೇರಿಗೆ ಸೇರುತ್ತದೆ. ಅದಕ್ಕೆ ನೀರು ತರುವ ತೊರೆಗಳನ್ನು ತಮಿಳಿನಲ್ಲಿ 'ಪಳ್ಳಂ' ಅನ್ನುತ್ತಾರೆ. ನಮ್ಮ 'ಹಳ್ಳ'ವೇ ಅದು. ವರ್ಷದಲ್ಲಿ ಹೆಚ್ಚು ದಿನ ಇವು ಒಣಗಿರುತ್ತವೆ. ನೋಡಿದವರಿಗೆ ಪಕ್ಕದ ನೆಲ ಸಮತಟ್ಟಾದ ಒಳ್ಳೆಯ ಜಾಗ ಅನ್ನಿಸುತ್ತದೆ. 2011ರ ನವೆಂಬರ್‌ನಲ್ಲಿ ತಿರುಪ್ಪೂರಿನಲ್ಲಿ ಹಠಾತ್ ಪ್ರವಾಹ ಬಂದಾಗ ದಂಡೆಯ ಮನೆಗಳಿಗೆ ನೀರು ನುಗ್ಗಿತು, ಪ್ರಾಣಹಾನಿಯೂ ಆಯಿತು.

"ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ತಾನೇ?" ಎನ್ನಬೇಡಿ. ಹಾಗೆಂದರೆ ಪ್ರತಿ ವರ್ಷ ಅದು ಬರುವ ಸಂಭವ 1% ಎಂದರ್ಥ. ಸ್ಥಾವರ 20 ವರ್ಷ ಇರುವುದಾದರೆ, ಅಷ್ಟರೊಳಗೆ ಒಮ್ಮೆಯಾದರೂ ಅದು ಬರುವ ಸಂಭವ ಸುಮಾರು 18%. (0.99 ಅನ್ನು 20 ಸಲ ಗುಣಿಸಿ, 1ರಿಂದ ಕಳೆಯಿರಿ.)

ನೀರು ಹೊಕ್ಕರೆ ಏನಾಗುತ್ತೆ?

ನೀರಿನ ವಿದ್ಯುದ್ವಿಭಜನೆಯ ಪ್ರಯೋಗ ನೆನಪಿದೆಯೇ? ಲವಣ ಕರಗಿದ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹೈಡ್ರೋಜನ್ ಹೊಮ್ಮುತ್ತದೆ. ಮಣ್ಣು ಕಲೆಸಿದ ಮಳೆನೀರು ನೂರಾರು ವೋಲ್ಟಿನ ಬ್ಯಾಟರಿ ಸಾಲಿಗೆ ಹೊಕ್ಕರೂ ಹೀಗೇ. ಜೊತೆಗೆ ಶಾರ್ಟ್ ಸರ್ಕ್ಯೂಟ್ ಆಗಿ ಶಾಖ, ಶಾಖದಿಂದ ಬೆಂಕಿ. ಟ್ರಾನ್ಸ್‌ಫಾರ್ಮರ್ ಆದರೆ ಲೈನ್ ಕಡಿದು ಸುಮ್ಮನಾಗಿಸಬಹುದು. ಬ್ಯಾಟರಿಯ ಲೈನ್ ಕಡಿದರೂ ಒಳಗಿನ ಶಕ್ತಿ ಒಳಗೇ ಇರುತ್ತದೆ.

ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನ ಸ್ಥಾವರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಇಂಥದ್ದೇ ನಡೆಯಿತು. ಅಲ್ಲಿ ಪ್ರವಾಹ ಬಂದಿರಲಿಲ್ಲ. ರಕ್ಷಣೆಗೆಂದು ಹಾಕಿದ್ದ ಕೊಳವೆಗಳೇ ಸೋರಿ, ನೀರು ಬ್ಯಾಟರಿಗಳ ಮೇಲೆ ಬಿದ್ದು ಶಾರ್ಟ್ ಆಯಿತು. ಸುಮಾರು 7% ಬ್ಯಾಟರಿ ಘಟಕಗಳು ಹಾಳಾದವು.

ಅದಕ್ಕೇ ಕಂಟೇನರುಗಳನ್ನು ಪ್ರವಾಹದ ಮಟ್ಟಕ್ಕಿಂತ ಎತ್ತರದ ಕಟ್ಟೆಯ ಮೇಲೆ ಕೂರಿಸಬೇಕು. ನೆಲದಡಿಯ ಕೇಬಲ್ ಕೊಳವೆಗಳ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ನೀರು ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಅಗ್ನಿಶಾಮಕ ವಾಹನ ಬರುವ ರಸ್ತೆಯೂ ಮುಳುಗಬಾರದು.

ನಮ್ಮ ನೀರು ಪಕ್ಕದವರ ಹೊಲಕ್ಕೆ ಹೋಗಬಾರದು

ಎತ್ತರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಹೆಕ್ಟೇರಿಗೆ 50 ಮಿ.ಮೀ. ಬಿದ್ದರೆ 5 ಲಕ್ಷ ಲೀಟರ್! ಬಯಲಾಗಿದ್ದಾಗ ಅದರ 30% ಹರಿದುಹೋಗುತ್ತಿತ್ತು ಎಂದಿಟ್ಟುಕೊಳ್ಳೋಣ, ಅಂದರೆ 1.5 ಲಕ್ಷ ಲೀಟರ್. ಪೂರ್ತಿ ಕಾಂಕ್ರೀಟ್ ಹಾಕಿದರೆ 90%, ಅಂದರೆ 4.5 ಲಕ್ಷ. ಹೆಚ್ಚುವರಿ 3 ಲಕ್ಷ ಲೀಟರ್ ಎಲ್ಲಿಗೆ ಹೋಗುತ್ತೆ? ಕೆಳಗಿನ ರೈತರ ಹೊಲಕ್ಕೆ. ಆ ಸೀಮೆಯ ಹಲವೆಡೆ ಇರುವ ಕಪ್ಪು ಮಣ್ಣು ನೆನೆದು ಉಬ್ಬಿದ ಮೇಲೆ ನೀರನ್ನು ಬೇಗ ಇಂಗಿಸುವುದೂ ಇಲ್ಲ.

ಇದಕ್ಕೆ ಉತ್ತರ ನಮ್ಮ ಹಳೆಯ ಕೆರೆಗಳಲ್ಲೇ ಇದೆ. ನೊಯ್ಯಲ್ ಉದ್ದಕ್ಕೂ ಹಿಂದಿನವರು ಸಾಲು ಕೆರೆ ಕಟ್ಟಿದ್ದರು. ನೀರು ಕೆರೆಯಲ್ಲಿ ನಿಂತು, ತೂಬಿನಿಂದ ಅಳತೆಗೆ ತಕ್ಕಂತೆ ಹೊರಗೆ ಹೋಗುತ್ತದೆ. ತುಂಬಿದರೆ ಕೋಡಿ ಬೀಳುತ್ತದೆ. ಬ್ಯಾಟರಿ ಅಂಗಳದ ತಗ್ಗಿನ ಮೂಲೆಯಲ್ಲೂ ಹೀಗೇ ಒಂದು ಹೊಂಡ ತೆಗೆದು ನೀರನ್ನು ನಿಧಾನವಾಗಿ ಬಿಡಬೇಕು. ಸಾಧ್ಯವಿರುವಲ್ಲಿ ಕಾಂಕ್ರೀಟಿನ ಬದಲು ಜಲ್ಲಿ ಹಾಸಬೇಕು.

ಇಲ್ಲೊಂದು ತೊಡಕಿದೆ. ಬೆಂಕಿ ಬಿದ್ದಾಗ ಸುರಿದ ನೀರಿನಲ್ಲಿ ಲೋಹದ ಕಣಗಳು, ಹೈಡ್ರೋಫ್ಲೋರಿಕ್ ಆಮ್ಲದಂಥ ವಿಷಗಳು ಸೇರಬಹುದು. ಆ ನೀರು ಹಳ್ಳಕ್ಕೂ ಹೋಗಬಾರದು, ಇಂಗಿ ಬಾವಿಗೂ ಸೇರಬಾರದು. ಹಾಗಾಗಿ ಹೊಂಡದ ತಳಕ್ಕೆ ನೀರು ಇಂಗದ ಹಾಸು ಬೇಕು, ಹೊರದಾರಿಗೆ ಮುಚ್ಚುವ ಬಾಗಿಲು ಬೇಕು. ಮಳೆ ಬಂದಾಗ ತೂಬು ತೆರೆದಿರಬೇಕು, ಬೆಂಕಿ ಬಿದ್ದಾಗ ಮುಚ್ಚಬೇಕು. ಮಳೆ ಬರುತ್ತಿರುವಾಗಲೇ ಬೆಂಕಿ ಬಿದ್ದರೆ? ಎರಡೂ ನೀರು ಹಿಡಿಯುವಷ್ಟು ಜಾಗ ಹೊಂಡದಲ್ಲಿರಬೇಕು. ಈ ಲೆಕ್ಕವನ್ನು ನಕ್ಷೆಯ ಮೇಲೇ ಮಾಡಬೇಕು. ಕಂಟೇನರುಗಳು ಬಂದು ಕೂತ ಮೇಲೆ ಹೊಂಡಕ್ಕೆ ಜಾಗ ಹುಡುಕಿದರೆ ಸಿಗುವುದಿಲ್ಲ.

ನೀವೇ ಮಾಡಿ ನೋಡಿ: ನಿಮ್ಮ ಶಾಲೆಯ ಅಂಗಳದ ಉದ್ದ ಅಗಲ ಅಳೆಯಿರಿ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಲ್ಲಿಟ್ಟು ಮುಂದಿನ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಎಷ್ಟು ಲೀಟರ್ ಬಿತ್ತು? ಅದು ಎಲ್ಲಿಂದ ಹೊರಟು ಯಾರ ಜಾಗಕ್ಕೆ ಹೋಯಿತು? ನಕ್ಷೆ ಬರೆದು ತರಗತಿಗೆ ತನ್ನಿ.